ಮೈಕ್ರೋಸಾಫ್ಟ್ ಲಾಗಿನ್ ಆಗುತ್ತದೆ, ಮೂಡಲ್ ಮಾತ್ರ ‘ಬಳಕೆದಾರ ಸಿಗಲಿಲ್ಲ’ ಅನ್ನುತ್ತದೆ. ಎಲ್ಲಿ ನೋಡಬೇಕು?

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಬಾಗಲಕೋಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿಸ್ಟಮ್ ನೋಡಿಕೊಳ್ಳುತ್ತೀರಿ. ಕೋರ್ಸುಗಳು ನಡೆಯುವ ಮೂಡಲ್‌ಗೆ ಸ್ಯಾಮಲ್ (ಒಂದು ಕಡೆಯ ಲಾಗಿನ್ ಮಾಹಿತಿಯನ್ನು ಇನ್ನೊಂದು ಕಡೆಗೆ ತಲುಪಿಸುವ ಪದ್ಧತಿ) ಪ್ಲಗಿನ್ ಹಾಕಿ, ಕಾಲೇಜಿನ ಖಾತೆಗಳಿರುವ ಮೈಕ್ರೋಸಾಫ್ಟ್ ಎಂಟ್ರಾ ಜೊತೆ ಸಿಂಗಲ್ ಸೈನ್-ಆನ್, ಅಂದರೆ ಒಂದೇ ಲಾಗಿನ್‌ನಿಂದ ಎರಡೂ ಕಡೆ ಹೋಗುವ ವ್ಯವಸ್ಥೆ, ಜೋಡಿಸಿದ್ದೀರಿ. ಪಾಸ್‌ವರ್ಡ್ ಹಾಕುವ ತನಕ ಎಲ್ಲರಿಗೂ ಸರಿ. ಆಮೇಲೆ ಕೆಲವರಿಗೆ ತಮ್ಮ ಕೋರ್ಸುಗಳು ಕಾಣುತ್ತವೆ, ಕೆಲವರಿಗೆ ‘ಬಳಕೆದಾರ ಸಿಗಲಿಲ್ಲ’ ಅಂತ ಬರುತ್ತದೆ, ಇನ್ನು ಕೆಲವರಿಗೆ ಏನೂ ಇಲ್ಲದ ಹೊಸ ಖಾತೆ ತೆರೆದುಕೊಳ್ಳುತ್ತದೆ. ಎಂಟ್ರಾ ಕಳಿಸುವ ಉತ್ತರದ ಸಹಿ ಪರೀಕ್ಷಿಸುವ ಸರ್ಟಿಫಿಕೇಟ್ ಬದಲಿಸಿ ನೋಡಿದಿರಿ, ಏನೂ ಆಗಲಿಲ್ಲ.

ಸರ್ಟಿಫಿಕೇಟ್ ಇನ್ನು ಮುಟ್ಟಬೇಡಿ. ಕೆಲವರಿಗಾದರೂ ಒಳಗೆ ಹೋಗಲು ಆಗುತ್ತಿದೆ ಅಂದರೆ ಸಹಿ, ಸರ್ವರ್ ಗಡಿಯಾರ, ವಿಳಾಸ ಎಲ್ಲ ಸರಿ ಇವೆ. ಅವು ತಪ್ಪಿದ್ದರೆ ಯಾರೊಬ್ಬರೂ ಒಳಗೆ ಹೋಗುತ್ತಿರಲಿಲ್ಲ. ‘ಎಎಡಿಎಸ್‌ಟಿಎಸ್ 50105’ ಅನ್ನುವ ತಪ್ಪು ಬಂದರೆ ಅದು ಬೇರೆ ಕಥೆ. ಆ ವ್ಯಕ್ತಿಯನ್ನು ಎಂಟ್ರಾದಲ್ಲಿ ಈ ಅಪ್ಲಿಕೇಶನ್‌ಗೆ ಸೇರಿಸಿಲ್ಲ ಅಂತ ಅರ್ಥ, ಮೂಡಲ್ ತನಕ ಮಾತು ಹೋಗಿಯೇ ಇಲ್ಲ. ನಿಮ್ಮದು ಅದಲ್ಲ. ಎಂಟ್ರಾ ಒಂದು ಅಕ್ಷರಸಾಲು ಕಳಿಸುತ್ತದೆ. ಮೂಡಲ್ ತನ್ನ ಪಟ್ಟಿಯಲ್ಲಿ ಅದೇ ಅಕ್ಷರಸಾಲು ಹುಡುಕುತ್ತದೆ. ಎರಡೂ ಒಂದೇ ಇಲ್ಲ. ಅಷ್ಟೇ.

ಹಾಗಾಗಿ ಯಾವ ಸೆಟ್ಟಿಂಗ್ ಬದಲಿಸುವ ಮೊದಲೂ ಆ ಎರಡು ಅಕ್ಷರಸಾಲುಗಳನ್ನು ಕಣ್ಣಾರೆ ನೋಡಿ. ನಾನು ಬೆಳಗಾವಿಯಲ್ಲಿ ಕಾಲೇಜುಗಳಿಗೂ ಉದ್ಯಮಬಾಗದ ಕಾರ್ಖಾನೆಗಳಿಗೂ ಇದೇ ಕೆಲಸ ಮಾಡಿಕೊಡುತ್ತೇನೆ. ಎಲ್ಲ ಕಡೆ ಕಾಣುವುದು ಒಂದೇ: ಜನ ಸೆಟ್ಟಿಂಗ್ ಪುಟದಲ್ಲಿ ಊಹೆ ಮಾಡುತ್ತಾ ಕೂರುತ್ತಾರೆ, ನಿಜವಾಗಿ ಏನು ಬರುತ್ತಿದೆ ಅಂತ ತೆರೆದು ನೋಡುವುದಿಲ್ಲ. ನೋಡುವುದು ಕಷ್ಟವೇನಲ್ಲ. ಫೈರ್‌ಫಾಕ್ಸ್‌ಗೂ ಕ್ರೋಮ್‌ಗೂ ಸ್ಯಾಮಲ್-ಟ್ರೇಸರ್ ಅನ್ನುವ ಎಕ್ಸ್‌ಟೆನ್ಶನ್ ಸಿಗುತ್ತದೆ. ಅದನ್ನು ತೆರೆದಿಟ್ಟುಕೊಂಡು ಲಾಗಿನ್ ಆಗಿ. ಮೂಡಲ್‌ಗೆ ಹೋದ ಪೋಸ್ಟ್ ರಿಕ್ವೆಸ್ಟ್ ಮೇಲೆ ಕ್ಲಿಕ್ ಮಾಡಿದರೆ ಪೂರ್ತಿ ಉತ್ತರ ಓದಲು ಬರುತ್ತದೆ. ನೇಮ್‌ಐಡಿ (ವ್ಯಕ್ತಿಯನ್ನು ಗುರುತಿಸುವ ಮುಖ್ಯ ಸಾಲು) ಏನಿದೆ, ಆಟ್ರಿಬ್ಯೂಟ್‌ಗಳು (ಜೊತೆಗೆ ಬರುವ ಇಮೇಲ್, ಹೆಸರಿನಂಥ ವಿವರಗಳು) ಯಾವುವು, ಅವುಗಳ ಹೆಸರೇನು, ಒಳಗಿರುವ ಮೌಲ್ಯವೇನು, ಎಲ್ಲ ಅಲ್ಲಿರುತ್ತದೆ. ಈ ವಿವರಗಳಿರುವ ಭಾಗವನ್ನು (ಅಸರ್ಷನ್) ಎನ್‌ಕ್ರಿಪ್ಟ್ ಮಾಡಿದ್ದರೆ ಮಾತ್ರ ಕಾಣುವುದಿಲ್ಲ. ಆಗ ಮೂಡಲ್ ಕಡೆಯ ಡೀಬಗ್ ಲಾಗ್ ನೋಡಬೇಕು. ಒಂದು ಮಾತು: ಆ ಉತ್ತರವನ್ನು ಯಾವುದೋ ಆನ್‌ಲೈನ್ ಡಿಕೋಡರ್ ಸೈಟಿಗೆ ಪೇಸ್ಟ್ ಮಾಡಬೇಡಿ. ಅದರಲ್ಲಿ ವಿದ್ಯಾರ್ಥಿಯ ವಿವರ ಇರುತ್ತದೆ. ಅವಧಿ ಮುಗಿಯುವ ತನಕ ಅದು ಲಾಗಿನ್ ಚೀಟಿಯೂ ಹೌದು.

ಮೂರು ಥರದವರನ್ನು ಆರಿಸಿಕೊಳ್ಳಿ: ಸರಿಯಾಗಿ ಹೋಗುವವರು ಒಬ್ಬರು, ಸಿಗಲಿಲ್ಲ ಅಂತ ಬರುವವರು ಒಬ್ಬರು, ಖಾಲಿ ಖಾತೆ ತೆರೆದುಕೊಂಡವರು ಒಬ್ಬರು. ಮೂವರ ಬಳಿ ಕೂತು ಬರೆದುಕೊಳ್ಳಿ. ಪಕ್ಕದಲ್ಲಿ ಮೂಡಲ್‌ನ ಬಳಕೆದಾರರ ಪಟ್ಟಿಯಲ್ಲಿ ಅವರ ಯೂಸರ್‌ನೇಮ್, ಇಮೇಲ್, ಐಡಿ ನಂಬರ್ ಬರೆದುಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಮ್ಮ ಭಾಗದ ಕಾಲೇಜುಗಳಲ್ಲಿ ಜಾಸ್ತಿ ಕಾಣುವುದು ಯುಎಸ್‌ಎನ್, ಅಂದರೆ ವಿದ್ಯಾರ್ಥಿಯ ವಿಶ್ವವಿದ್ಯಾಲಯ ಸಂಖ್ಯೆಯ ಸಮಸ್ಯೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಕೊಡುವ ಯುಎಸ್‌ಎನ್ ಹತ್ತು ಅಕ್ಷರದ್ದು, ಬೆಳಗಾವಿ ವಿಭಾಗದ್ದಾದರೆ 2ರಿಂದ ಶುರು. ಎಲ್ಲರೂ ಅದನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಮೂಡಲ್ ಯೂಸರ್‌ನೇಮ್‌ಗೆ ಸಣ್ಣ ಅಕ್ಷರ ಮಾತ್ರ ನಡೆಯುತ್ತದೆ. ಎಂಟ್ರಾದಿಂದ ದೊಡ್ಡ ಅಕ್ಷರದಲ್ಲಿ ಬಂದ ಯುಎಸ್‌ಎನ್ ಇಲ್ಲಿ ಸಣ್ಣ ಅಕ್ಷರದ್ದಕ್ಕೆ ಕೂಡುವುದಿಲ್ಲ. ಪ್ಲಗಿನ್‌ನಲ್ಲಿ ದೊಡ್ಡ-ಸಣ್ಣ ಅಕ್ಷರದ ವ್ಯತ್ಯಾಸ ಬಿಟ್ಟು ಹೋಲಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಎಂಟ್ರಾ ಕಡೆಯಲ್ಲೂ ಕ್ಲೇಮ್‌ಗೆ (ಆಟ್ರಿಬ್ಯೂಟ್‌ಗೆ ಎಂಟ್ರಾದಲ್ಲಿರುವ ಹೆಸರು) ಟು-ಲೋವರ್‌ಕೇಸ್ ಪರಿವರ್ತನೆ ಹಾಕಬಹುದು. ಯಾವುದಾದರೂ ಒಂದು ಕಡೆ ಸಾಕು. ಇನ್ನೊಂದು, ಕೈಯಿಂದ ಟೈಪ್ ಮಾಡಿದ ಪಟ್ಟಿಯಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಬಿದ್ದಿರುತ್ತದೆ. ಇದು ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ, ಎಕ್ಸೆಲ್‌ನಲ್ಲಿ ಎರಡು ಪಟ್ಟಿ ಹೋಲಿಸಿದರೆ ಮಾತ್ರ ಸಿಗುತ್ತದೆ.

ಎಕ್ಸೆಲ್ ವಿಷಯ ಬಂತಲ್ಲ, ಅದು ಮಾಡುವ ಹಾನಿ ದೊಡ್ಡದು. ಸಿಬ್ಬಂದಿ ಸಂಖ್ಯೆ 00457 ಇದ್ದರೆ ಫೈಲ್ ತೆರೆದು ಸೇವ್ ಮಾಡುವಷ್ಟರಲ್ಲಿ 457 ಆಗಿರುತ್ತದೆ. ಆ ಕಾಲಮ್ಮನ್ನು ಟೆಕ್ಸ್ಟ್ ಅಂತಲೇ ಇಂಪೋರ್ಟ್ ಮಾಡಿ. ಇಮೇಲ್ ಕೊನೆಗೆ ಒಂದು ಸ್ಪೇಸ್ ಅಂಟಿಕೊಂಡಿದ್ದರೂ ಸಾಕು, ಹೋಲಿಕೆ ಬೀಳುತ್ತದೆ.

ಹೆಸರಿನ ಮೇಲೆ ಹೋಲಿಸುವುದನ್ನಂತೂ ಯೋಚಿಸಲೇಬೇಡಿ. ಪಾಟೀಲ, ಹಿರೇಮಠ, ಕುಲಕರ್ಣಿ ಅಂತ ಒಂದೇ ಅಡ್ಡಹೆಸರಿನವರು ಒಂದೇ ವಿಭಾಗದಲ್ಲಿ ನಾಲ್ಕು ಜನ ಇರುತ್ತಾರೆ. ಇಂಗ್ಲಿಷಿನಲ್ಲಿ ಒಬ್ಬರು ಒಂದು ಥರ ಬರೆದರೆ ಇನ್ನೊಬ್ಬರು ಇನ್ನೊಂದು ಥರ. ಕನ್ನಡದಲ್ಲಿ ಬರೆದರಂತೂ ಇನ್ನೂ ಕಷ್ಟ. ‘ರಾಜ್‌ಕುಮಾರ’ ಅಂತ ಬರೆಯುವಾಗ ಜ್ ಮತ್ತು ಕು ಕೂಡಿಕೊಳ್ಳದಿರಲು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಹಾಕುತ್ತೇವೆ. ಮಾಡಿದವರು ಬೇರೆ ಬೇರೆ ಆದರೆ ಒಂದು ಪಟ್ಟಿಯಲ್ಲಿ ಅದು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಹಳೆಯ ಪಟ್ಟಿ ಯೂನಿಕೋಡ್ ಅಲ್ಲದ ನುಡಿ ಫಾಂಟ್‌ನಲ್ಲಿದ್ದರೆ ಮೂಡಲ್‌ಗೆ ಅದು ಕನ್ನಡವೇ ಅಲ್ಲ.

ಇನ್ನು ಇಮೇಲ್ ಮತ್ತು ಯುಪಿಎನ್. ಇದು ನಿಮ್ಮ ‘ಸಿಗಲಿಲ್ಲ’ ಗುಂಪಿನ ಕಾರಣ ಇರಬಹುದು ಅಂತ ನನ್ನ ಅಂದಾಜು. ಎಂಟ್ರಾ ನೇಮ್‌ಐಡಿಯಲ್ಲಿ ತಾನಾಗಿ ಕಳಿಸುವುದು ಯೂಸರ್ ಪ್ರಿನ್ಸಿಪಲ್ ನೇಮನ್ನು, ಅಂದರೆ ಯುಪಿಎನ್. ನೋಡಲು ಅದು ಇಮೇಲ್ ಥರವೇ ಇರುತ್ತದೆ, ಆದರೆ ಇಮೇಲ್ ಆಗಿರಲೇಬೇಕು ಅಂತಿಲ್ಲ. ಕಾಲೇಜಿನ ಡೊಮೇನ್ ಸೇರಿಸುವ ಮೊದಲೇ ಮಾಡಿದ ಖಾತೆಗಳಿಗೆ ಕೊನೆಯಲ್ಲಿ ‘ಆನ್‌ಮೈಕ್ರೋಸಾಫ್ಟ್ ಡಾಟ್ ಕಾಮ್’ ಉಳಿದುಬಿಟ್ಟಿರುತ್ತದೆ. ಜಿಮೇಲ್ ವಿಳಾಸದಿಂದ ಗೆಸ್ಟ್ ಆಗಿ ಸೇರಿಸಿದ ಅತಿಥಿ ಉಪನ್ಯಾಸಕರ ಯುಪಿಎನ್ ನಡುವೆ ಎರಡು ಹ್ಯಾಷ್ ಚಿಹ್ನೆಗಳ ಮಧ್ಯೆ ‘ಇಎಕ್ಸ್‌ಟಿ’ ಅಂತ ಸೇರಿರುತ್ತದೆ. ನಮ್ಮ ಕಡೆ ಇನ್ನೊಂದಿದೆ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಊರ ಹೆಸರು ಸೇರಿಸಿಕೊಂಡಿದ್ದ ಸಂಸ್ಥೆಗಳು ಡೊಮೇನ್ ಬದಲಿಸಿದಾಗ ಹೊಸಬರಿಗೆ ಹೊಸ ವಿಳಾಸ ಸಿಕ್ಕಿತು, ಹಳಬರ ವಿಳಾಸ ಒಂದು ಕಡೆ ಬದಲಾಯಿತು, ಇನ್ನೊಂದು ಕಡೆ ಹಾಗೇ ಉಳಿಯಿತು. ಮೇಲ್ ಎರಡೂ ವಿಳಾಸಕ್ಕೆ ಬರುತ್ತದೆ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಸಿಂಗಲ್ ಸೈನ್-ಆನ್ ಹಾಕಿದ ದಿನ ಗೊತ್ತಾಗುತ್ತದೆ.

ಆಟ್ರಿಬ್ಯೂಟ್ ಹೆಸರು ಸಹ ಪರೀಕ್ಷಿಸಿ. ಎಂಟ್ರಾ ಮೊದಲಿನಿಂದ ಇಟ್ಟಿರುವ ಕ್ಲೇಮ್‌ಗಳ ಹೆಸರು ಒಂದು ಉದ್ದ ವೆಬ್ ವಿಳಾಸದ ರೂಪದಲ್ಲಿ ಇರುತ್ತದೆ. ಮೂಡಲ್‌ನಲ್ಲಿ ಸುಮ್ನೆ ‘ಇಮೇಲ್’ ಅಂತ ಬರೆದಿಟ್ಟರೆ ಅದು ಹೊಂದುವುದಿಲ್ಲ. ಟ್ರೇಸರ್‌ನಲ್ಲಿ ಕಂಡ ಹೆಸರನ್ನು ಹಾಗೇ ನಕಲು ಮಾಡಿ ಹಾಕಿ. ನೀವೇ ಹೊಸ ಕ್ಲೇಮ್ ಮಾಡುವುದಾದರೆ ನೇಮ್‌ಸ್ಪೇಸ್ ಜಾಗ ಖಾಲಿ ಬಿಡಿ, ಚಿಕ್ಕ ಹೆಸರೇ ಬರುತ್ತದೆ.

ಒಂದು ವೇಳೆ ಟ್ರೇಸರ್‌ನಲ್ಲಿ ಕಂಡ ಸಾಲು ಮೂಡಲ್‌ನಲ್ಲೂ ಅಕ್ಷರಕ್ಕೆ ಅಕ್ಷರ ಹಾಗೇ ಇದ್ದು, ಆದರೂ ಒಳಗೆ ಬಿಡುತ್ತಿಲ್ಲ ಅನ್ನಿ. ಆಗ ಆ ಖಾತೆಯ ಆಥೆಂಟಿಕೇಶನ್ ವಿಧಾನ ನೋಡಿ. ಹಳೆಯ ಖಾತೆಗಳು ‘ಮ್ಯಾನುವಲ್’ ಅಂತ ಇರುತ್ತವೆ. ಬೇರೆ ವಿಧಾನದ ಖಾತೆಗಳನ್ನೂ ಒಪ್ಪಿಕೊಳ್ಳುವ ಆಯ್ಕೆ ಪ್ಲಗಿನ್‌ನಲ್ಲಿದೆ. ಅದು ಆಫ್ ಇದ್ದರೆ ಖಾತೆ ಸಿಕ್ಕರೂ ಬಾಗಿಲು ತೆರೆಯುವುದಿಲ್ಲ.

ಈಗ ನನಗೆ ನಿಜವಾಗಿ ಚಿಂತೆ ಇರುವ ವಿಷಯ. ಸಿಗಲಿಲ್ಲ ಅನ್ನುವುದು ತೊಂದರೆ, ಆದರೆ ಅದು ಕಣ್ಣಿಗೆ ಕಾಣುವ ತೊಂದರೆ. ತಪ್ಪಾದವರ ಖಾತೆ ಸಿಕ್ಕರೆ ಯಾರೂ ದೂರು ಕೊಡುವುದಿಲ್ಲ. ಒಬ್ಬ ಪಾಟೀಲ ಸರ್ ಕೆಲಸ ಬಿಟ್ಟರು ಅನ್ನಿ. ಅವರ ಇಮೇಲನ್ನು ಮುಂದಿನ ವರ್ಷ ಬಂದ ಅದೇ ಹೆಸರಿನವರಿಗೆ ಕೊಟ್ಟರು. ಮೂಡಲ್ ಇಮೇಲ್ ನೋಡಿ ಹಳೆಯ ಖಾತೆಯನ್ನೇ ತೆರೆದುಕೊಡುತ್ತದೆ. ಹಳೆಯ ವಿದ್ಯಾರ್ಥಿಗಳ ಅಂಕ, ಸಂದೇಶ, ತಿದ್ದುವ ಅಧಿಕಾರ, ಎಲ್ಲ ಹೊಸಬರ ಕೈಗೆ. ಇದಕ್ಕೇ ಓಪನ್‌ಐಡಿ ಕನೆಕ್ಟ್ (ಸಿಂಗಲ್ ಸೈನ್-ಆನ್‌ನ ಇನ್ನೊಂದು ಪದ್ಧತಿ) ನಿಯಮಗಳಲ್ಲಿ ಇಮೇಲನ್ನು ಗುರುತಿನ ಕೀಲಿಯಾಗಿ ಬಳಸಬೇಡಿ, ಕೊಟ್ಟವರು ಯಾರು ಮತ್ತು ಅವರು ಕೊಟ್ಟ ಸಂಖ್ಯೆ ಯಾವುದು ಎಂಬ ಜೋಡಿಯನ್ನೇ ನಂಬಿ ಅಂತ ಬರೆದಿದ್ದಾರೆ. 2023ರಲ್ಲಿ ‘ಎನ್‌ಓಆಥ್’ ಅಂತ ಬಯಲಾದ ದೋಷವೂ ಇದರದ್ದೇ ಜಾತಿ. ಯಾರು ಬೇಕಾದರೂ ತಾವೇ ಅಡ್ಮಿನ್ ಆಗಿರುವ ಎಂಟ್ರಾದ (ಆಗ ಅಜೂರ್ ಎಡಿ) ಖಾತೆಯಲ್ಲಿ ಇನ್ನೊಬ್ಬರ ಇಮೇಲ್ ಬರೆದುಕೊಂಡು, ಇಮೇಲ್ ನೋಡಿ ನಂಬುವ ಅಪ್ಲಿಕೇಶನ್‌ಗಳಲ್ಲಿ ಅವರ ಖಾತೆಗೆ ನುಗ್ಗಬಹುದಿತ್ತು. ನಿಮ್ಮ ಕಾಲೇಜಿನಲ್ಲಿ ಯಾರಾದರೂ ‘ಬೇರೆಯವರ ಕೋರ್ಸ್ ಕಾಣಿಸುತ್ತಿದೆ’ ಅಂದರೆ ಆ ಕ್ಷಣವೇ ಸಿಂಗಲ್ ಸೈನ್-ಆನ್ ನಿಲ್ಲಿಸಿ. ಕಾರಣ ಆಮೇಲೆ ಹುಡುಕಿ.

ಹಾಗಾದರೆ ಯಾವುದನ್ನು ಕೀಲಿ ಮಾಡಿಕೊಳ್ಳಬೇಕು? ಬದಲಾಗದ, ಮತ್ತೊಬ್ಬರಿಗೆ ಕೊಡದ ಒಂದು ಸಂಖ್ಯೆ ಬೇಕು. ಪ್ರತಿ ಖಾತೆಗೆ ಎಂಟ್ರಾ ತಾನೇ ಕೊಡುವ ಆಬ್ಜೆಕ್ಟ್ ಐಡಿ ಈ ಲೆಕ್ಕದಲ್ಲಿ ಒಳ್ಳೆಯದು. ಆದರೆ ಕಾಲೇಜುಗಳಲ್ಲಿ ಲೈಸೆನ್ಸ್ ಉಳಿಸಲು ಖಾತೆ ಅಳಿಸಿ, 30 ದಿನ ದಾಟಿದ ಮೇಲೆ ಹೊಸದಾಗಿ ಮಾಡುವುದು ನಡೆದೇ ಇರುತ್ತದೆ. ಆಗ ಆಬ್ಜೆಕ್ಟ್ ಐಡಿಯೂ ಹೊಸದಾಗುತ್ತದೆ. ಯುಎಸ್‌ಎನ್ ಚೆನ್ನಾಗಿದೆ, ಆದರೆ ಮೊದಲ ಸೆಮಿಸ್ಟರ್‌ನವರಿಗೆ ಅದು ಕೈಸೇರುವುದು ತಡ. ಅಷ್ಟರಲ್ಲಿ ತರಗತಿ ಶುರುವಾಗಿರುತ್ತದೆ ಅಲ್ವಾ? ಆದ್ದರಿಂದ ನಾನು ಹೇಳುವುದು ವಿದ್ಯಾರ್ಥಿಗಳಿಗೆ ಕಾಲೇಜಿನ ಪ್ರವೇಶ ಸಂಖ್ಯೆ, ಸಿಬ್ಬಂದಿಗೆ ಸಿಬ್ಬಂದಿ ಸಂಖ್ಯೆ. ಎರಡೂ ಕಚೇರಿಯ ರಿಜಿಸ್ಟರ್‌ನಲ್ಲಿ ಇರುತ್ತವೆ. ಒಬ್ಬರ ಸಂಖ್ಯೆ ಇನ್ನೊಬ್ಬರದಕ್ಕೆ ತಾಗಬಾರದು, ಅದಕ್ಕೆ ಮುಂದೆ ಒಂದೊಂದು ಅಕ್ಷರ ಸೇರಿಸಿ. ಎಂಟ್ರಾದ ಎಂಪ್ಲಾಯಿ ಐಡಿ ಜಾಗದಲ್ಲಿ ಇದನ್ನು ತುಂಬಿ, ಒಂದು ಹೊಸ ಕ್ಲೇಮ್ ಆಗಿ ಕಳಿಸಿ. ಮೂಡಲ್ ಕಡೆ ಅದನ್ನು ಯೂಸರ್‌ನೇಮ್‌ಗೆ ಜೋಡಿಸಬೇಡಿ, ಐಡಿ ನಂಬರ್ ಅನ್ನುವ ಜಾಗಕ್ಕೆ ಜೋಡಿಸಿ. ಇಮೇಲ್ ಬದಲಾಗಲಿ, ಮದುವೆಯಾಗಿ ಅಡ್ಡಹೆಸರು ಬದಲಾಗಲಿ, ಖಾತೆ ತಪ್ಪುವುದಿಲ್ಲ.

ಮಾಡುವ ಕ್ರಮ ಮುಖ್ಯ. ಮೊದಲು ತಾನಾಗಿ ಖಾತೆ ತೆರೆಯುವ ಆಯ್ಕೆ ಆಫ್ ಮಾಡಿ, ಇಲ್ಲದಿದ್ದರೆ ನೀವು ಸರಿ ಮಾಡುತ್ತಿರುವಾಗಲೇ ಇನ್ನಷ್ಟು ಖಾಲಿ ಖಾತೆ ಹುಟ್ಟುತ್ತವೆ. ಡೇಟಾಬೇಸ್ ಬ್ಯಾಕಪ್ ತೆಗೆದುಕೊಳ್ಳಿ. ಪಾಸ್‌ವರ್ಡ್‌ನಿಂದ ಒಳಗೆ ಬರುವ ಒಂದು ಅಡ್ಮಿನ್ ಖಾತೆ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಲಾಗಿನ್ ಪುಟದ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ‘ಸ್ಯಾಮಲ್ ಈಕ್ವಲ್ಸ್ ಆಫ್’ ಅಂತ ಇಂಗ್ಲಿಷಿನಲ್ಲಿ ಸೇರಿಸಿದರೆ ಮೂಡಲ್‌ನ ಹಳೆಯ ಲಾಗಿನ್ ಪುಟ ಬರುತ್ತದೆ. ಆಮೇಲೆ ಸಿಎಸ್‌ವಿ (ಪಟ್ಟಿಯ ಫೈಲ್) ಅಪ್‌ಲೋಡ್‌ನಿಂದ ಎಲ್ಲ ಹಳೆಯ ಖಾತೆಗಳಿಗೆ ಐಡಿ ನಂಬರ್ ತುಂಬಿ. ಇದಾದ ಮೇಲೆಯೇ ಹೋಲಿಕೆಯ ಕೀಲಿ ಬದಲಿಸಿ. ಮೊದಲು ಕೀಲಿ ಬದಲಿಸಿದರೆ ಈಗ ಸರಿ ಇರುವವರೂ ಹೊರಗುಳಿಯುತ್ತಾರೆ.

ಖಾಲಿ ಖಾತೆಗಳನ್ನು ಅಳಿಸಲು ಅವಸರ ಬೇಡ. ಕೆಲವರು ಅದರಲ್ಲೇ ಅಸೈನ್‌ಮೆಂಟ್ ಹಾಕಿರುತ್ತಾರೆ. ಪಾಪ, ಅವರಿಗೇನು ಗೊತ್ತು, ಹುಡುಗರು ರಾತ್ರಿ ಕೂತು ಬರೆದಿರುತ್ತಾರೆ. ಪ್ರತಿ ಖಾತೆ ತೆರೆದು ಏನಾದರೂ ಸಲ್ಲಿಸಿದ್ದಾರಾ ನೋಡಿ. ಏನೂ ಇಲ್ಲದಿದ್ದರೆ ಸಸ್ಪೆಂಡ್ ಮಾಡಿ ಇಡಿ. ಇದ್ದರೆ ಎರಡು ಖಾತೆ ಕೂಡಿಸುವ ಮರ್ಜ್ ಪ್ಲಗಿನ್ ಇದೆ. ಅದು ಮಾಡಿದ್ದನ್ನು ಹಿಂದಕ್ಕೆ ತರಲು ಆಗುವುದಿಲ್ಲ, ಆದ್ದರಿಂದ ಮೊದಲು ಟೆಸ್ಟ್ ಸರ್ವರ್‌ನಲ್ಲಿ ಮಾಡಿ ನೋಡಿ.

ಎಲ್ಲ ಮುಗಿದ ಮೇಲೆ ಮೊದಲಿನ ಆ ಮೂವರನ್ನೇ ಮತ್ತೆ ಲಾಗಿನ್ ಮಾಡಿಸಿ, ಜೊತೆಗೆ ಒಬ್ಬ ಗೆಸ್ಟ್ ಉಪನ್ಯಾಸಕರನ್ನೂ ಒಬ್ಬ ಮೊದಲ ಸೆಮಿಸ್ಟರ್ ವಿದ್ಯಾರ್ಥಿಯನ್ನೂ ಸೇರಿಸಿಕೊಳ್ಳಿ. ಎಂಪ್ಲಾಯಿ ಐಡಿ ತುಂಬದವರಿಗೆ ಆ ಕ್ಲೇಮ್ ಬರುವುದೇ ಇಲ್ಲ, ಅವರು ಈ ಹಂತದಲ್ಲಿ ಸಿಕ್ಕಿಬೀಳುತ್ತಾರೆ. ತಾನಾಗಿ ಖಾತೆ ತೆರೆಯುವ ಆಯ್ಕೆಯನ್ನು ನಾನಾದರೆ ಮತ್ತೆ ಆನ್ ಮಾಡುವುದಿಲ್ಲ. ಕಚೇರಿಯಲ್ಲಿ ಪ್ರವೇಶ ಆದ ದಿನವೇ ಒಂದೇ ಪಟ್ಟಿಯಿಂದ ಎಂಟ್ರಾಗೂ ಮೂಡಲ್‌ಗೂ ಸೇರಿಸಿಬಿಡಿ.