ದುರಂತ ಆದಮೇಲೆ ಬರುವ ಒಗ್ಗಟ್ಟು ನಾಲ್ಕು ದಿನದ್ದಾ?

ಪಹಲ್ಗಾಮ್ ದಾಳಿ ಆದಾಗ ದೇಶವೆಲ್ಲ ಒಂದಾದ ಹಾಗೆ ಕಂಡಿತು, ಅದು ನಿಜವಾದ ಒಗ್ಗಟ್ಟಾ, ಇಲ್ಲ ನಾಲ್ಕು ದಿನದ ಆವೇಶವಾ ಅಂತ ಕೇಳಿದ್ದೀರಿ. ನಾನು ರಾಯಚೂರಿನವನು. ಇಲ್ಲಿ ಕಂಡಿದ್ದನ್ನೇ ಹೇಳುತ್ತೇನೆ.

ದುಃಖವಂತೂ ನಿಜ. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್ ಹತ್ತಿರದ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರ ಗುಂಡಿಗೆ 26 ಜನ ಸತ್ತರು. ಧರ್ಮ ಕೇಳಿ ಗುಂಡು ಹೊಡೆದರು ಅಂತ ಬದುಕಿ ಬಂದವರು ಹೇಳಿದರು. ಸತ್ತವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಹೆಂಡತಿ ಮಕ್ಕಳ ಜೊತೆ ನಾಲ್ಕು ದಿನ ತಂಪಾಗಿರೋಣ ಅಂತ ಹೋದವರು. ಆ ವಾರ ನಮ್ಮ ಗಂಜ್‌ನಲ್ಲಿ, ಅಂದರೆ ದವಸಧಾನ್ಯದ ಮಾರುಕಟ್ಟೆಯಲ್ಲಿ, ಹಮಾಲರಿಂದ ಹಿಡಿದು ದಲಾಲಿ ಅಂಗಡಿಯವರ ತನಕ ಎಲ್ಲರ ಬಾಯಲ್ಲೂ ಅದೇ ಮಾತು. ರೇಟಿನ ಮಾತು ಆಮೇಲೆ.

ಒಂದು ಸಂಜೆ ನಮ್ಮ ಓಣಿಯವರೆಲ್ಲ ಮೇಣದಬತ್ತಿ ಹಿಡಿದು ಊರಿನ ತೀನ್ ಕಂದೀಲ್ ವೃತ್ತದ ತನಕ ನಡೆದೆವು. ಏಪ್ರಿಲ್ ಬಿಸಿಲಿಗೆ ಬತ್ತಿ ಹಚ್ಚುವ ಮೊದಲೇ ಬಾಗಿಬಿಟ್ಟಿದ್ದವು. ಮೂಸಂಬಿ ಮಾರುವ ಚಾಚಾ ಗಾಡಿಗೆ ತಾಡಪಾಲು ಹೊದಿಸಿ ನಮ್ಮ ಜೊತೆ ಬಂದರು. ಸ್ವಲ್ಪ ದೂರ ಹೋದಮೇಲೆ ಕೆಲವು ಹುಡುಗರ ಘೋಷಣೆಯ ಧಾಟಿ ಬದಲಾಯಿತು. ಯಾರನ್ನು ನೋಡಿ ಕೂಗುತ್ತಿದ್ದಾರೆ ಅನ್ನೋದು ಎಲ್ಲರಿಗೂ ತಿಳಿಯುತ್ತಿತ್ತು. ಚಾಚಾ ತಲೆ ತಗ್ಗಿಸಿದರು. ಆಗ ನಿವೃತ್ತ ಮಾಸ್ತರರೊಬ್ಬರು ಮುಂದೆ ಹೋಗಿ, "ತಮ್ಮಾ, ಸತ್ತವರ ಸಲುವಾಗಿ ಬಂದೀವಿ, ಜಗಳದ ಸಲುವಾಗಿ ಅಲ್ಲ" ಅಂದರು. ಹುಡುಗರು ಸುಮ್ಮನಾದರು. ಮಾಸ್ತರರು ವಾಪಸ್ ಬಂದು ಚಾಚಾನ ಪಕ್ಕದಲ್ಲೇ ನಡೆದರು.

ನನ್ನ ಪ್ರಕಾರ ಒಗ್ಗಟ್ಟು ಮುರಿಯೋದು ಇಂಥ ಜಾಗದಲ್ಲೇ. ಸಿಟ್ಟು ಬರೋದು ತಪ್ಪಲ್ಲ, ನನಗೂ ರಕ್ತ ಕುದಿದಿತ್ತು. ಆದರೆ ಕೊಂದವರ ಮೇಲಿನ ಸಿಟ್ಟು ಪಕ್ಕದ ಮನೆಯವನ ಮೇಲೆ ತಿರುಗಿದರೆ, ಕೊಂದವರು ಬಯಸಿದ್ದನ್ನು ನಾವೇ ಮಾಡಿಕೊಟ್ಟ ಹಾಗೆ ಅಲ್ವಾ? ಆ ದಿನ ಸತ್ತವರಲ್ಲಿ ಪ್ರವಾಸಿಗರನ್ನು ಕುದುರೆ ಮೇಲೆ ಕರೆದೊಯ್ಯುತ್ತಿದ್ದ ಕಾಶ್ಮೀರಿ ಮುಸ್ಲಿಂ ಯುವಕನೂ ಒಬ್ಬ. ಮರುದಿನ ಕಾಶ್ಮೀರ ಕಣಿವೆ ಪೂರ್ತಿ ಬಂದ್ ಆಯಿತು. ಅಲ್ಲಿನ ಪತ್ರಿಕೆಗಳು ಮುಖಪುಟವನ್ನು ಕಪ್ಪು ಮಾಡಿ ಅಚ್ಚು ಹಾಕಿದವು. ಇಷ್ಟಾದರೂ ಬೇರೆ ರಾಜ್ಯಗಳಲ್ಲಿ ಓದುತ್ತಿದ್ದ ಕಾಶ್ಮೀರಿ ಹುಡುಗರಿಗೆ ಕಿರುಕುಳ ತಪ್ಪಲಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಇನ್ನೊಂದು. ಮದುವೆಯಾಗಿ ವಾರದೊಳಗೆ ಗಂಡನನ್ನು ಕಳೆದುಕೊಂಡ ನೌಕಾಪಡೆ ಅಧಿಕಾರಿಯ ಹೆಂಡತಿ, ನ್ಯಾಯ ಬೇಕು, ಆದರೆ ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ದ್ವೇಷ ಬೇಡ ಅಂದಳು. ಅವಳ ಫೋಟೋ ಹಂಚಿಕೊಂಡು ಕಣ್ಣೀರು ಹಾಕಿದ್ದ ಜನರ ನಡುವಿನಿಂದಲೇ ಅವಳಿಗೆ ಬಾಯಿಗೆ ಬಂದ ಹಾಗೆ ಬೈಗುಳ ಬಂತು. ಸತ್ತವರ ಮನೆಯವರ ಮಾತು ಕೇಳೋ ತಾಳ್ಮೆ ಇಲ್ಲದಿದ್ದರೆ ಅದನ್ನು ದೇಶಭಕ್ತಿ ಅನ್ನಲು ನನಗೆ ಮನಸ್ಸು ಬರಲ್ಲ.

ಹಾಗಂತ ಎಲ್ಲ ಸುಳ್ಳು ಅಂತಲೂ ಅಲ್ಲ. ಅದೇ ವರ್ಷ ಜುಲೈನಲ್ಲಿ ನಮ್ಮ ಜಿಲ್ಲೆಯ ಮುದಗಲ್‌ನಲ್ಲಿ ಮೊಹರಂ ಇತ್ತು. ಈ ಸಲ ಹಿಂದೂಗಳು ಬರಲಿಕ್ಕಿಲ್ಲ ಅಂತ ನನಗೆ ಅಳುಕಿತ್ತು. ಹೋಗಿ ನೋಡಿದರೆ ಕಾಲಿಡಲು ಜಾಗವಿಲ್ಲ. ಹಣೆಗೆ ವಿಭೂತಿ ಹಚ್ಚಿದ ಅಜ್ಜಿ ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಲಾಯಿ ದೇವರಿಗೆ, ಅಂದರೆ ಮೊಹರಂನಲ್ಲಿ ಕೂರಿಸುವ ಪಂಜಾಗಳಿಗೆ, ಸಕ್ಕರೆ ಓದಿಸುತ್ತಿದ್ದಳು. ಹೆಜ್ಜೆ ಹಾಕುವ ಮೇಳದಲ್ಲಿ ಯಾರು ಯಾವ ಜಾತಿ ಅಂತ ಕೇಳುವವರಿಲ್ಲ. ನಮ್ಮ ಕಡೆ ಹಿಂದೂ ಮನೆಗಳಲ್ಲೇ ಹುಸೇನಪ್ಪ ಅಂತ ಹೆಸರಿಡುತ್ತಾರೆ. ಈ ಒಗ್ಗಟ್ಟು ದಾಳಿಗೆ ಮೊದಲೂ ಇತ್ತು, ಆಮೇಲೂ ಉಳಿಯಿತು. ನಂಬಿಕೆ ಬರದಿದ್ದರೆ ಬರುವ ಮೊಹರಂಗೆ ಬನ್ನಿ. ಲಿಂಗಸುಗೂರಿನಿಂದ ಬಸ್ ಸಿಗುತ್ತದೆ.