ಭಾವ ಕೊಟ್ಟ ಕೈಸಾಲ ತೀರಿಸಲು ಪರ್ಸನಲ್ ಲೋನ್ ತಗೊಳ್ಳಬಹುದಾ?

ನೀವು ಕೇಳಿರುವುದು ಇಷ್ಟು. ಅಪ್ಪನ ಆಪರೇಷನ್ ಹೊತ್ತಿಗೆ ಅಕ್ಕನ ಗಂಡ ಎರಡೂವರೆ ಲಕ್ಷ ಕೊಟ್ಟರು. ಬಡ್ಡಿ ಇಲ್ಲ, ಪತ್ರ ಇಲ್ಲ, ಗಡುವೂ ಇಲ್ಲ. ಈ ಯುಗಾದಿಗೆ ಊರಿಗೆ ಹೋದಾಗ ನಾಲ್ಕು ಜನರ ಮುಂದೆ ಚುಚ್ಚಿ ಮಾತಾಡಿದರು. ಹೋದ ವರ್ಷವೂ ಇದೇ ಸಮಯಕ್ಕೆ ಹೀಗೇ ಆಗಿತ್ತು. ನಿಮ್ಮ ಕೈಗೆ ಬರುವ ಸಂಬಳ 45,000. ಬ್ಯಾಂಕಿನ ಆ್ಯಪ್ 14 ಪರ್ಸೆಂಟ್‌ಗೆ ಲೋನ್ ರೆಡಿ ಅನ್ನುತ್ತಿದೆ, ಕ್ರೆಡಿಟ್ ಕಾರ್ಡೂ ಇದೆ. ಒಂದೇ ಸಲಕ್ಕೆ ತೀರಿಸಿ ಕೈತೊಳೆದುಕೊಳ್ಳಲಾ ಅಂತ.

ನಾನು ಹಾಸನದ ಕಡೆ ಒಂದು ಪತ್ತಿನ ಸಹಕಾರ ಸಂಘದಲ್ಲಿ ಸಾಲದ ಅರ್ಜಿ ನೋಡುವ ಕೆಲಸದಲ್ಲಿದ್ದೇನೆ. ಅರ್ಜಿಯಲ್ಲಿ 'ಸಾಲದ ಉದ್ದೇಶ' ಅಂತ ಒಂದು ಜಾಗ ಇರುತ್ತದೆ. ಅಲ್ಲಿ 'ಮನೆ ರಿಪೇರಿ' ಅಂತ ಬರೆದವರನ್ನು ಕೂರಿಸಿ ಮಾತಾಡಿಸಿದರೆ ಎಷ್ಟೋ ಸಲ ಹೊರಬರುವುದು ನಿಮ್ಮದೇ ಕಥೆ. ತಮ್ಮನದ್ದು, ಷಡ್ಡಕನದ್ದು, ಸೋದರಮಾವನದ್ದು ಕೊಡಬೇಕಿರುತ್ತದೆ. ಅವರಿಗೆ ನಾನು ಮೊದಲು ಕೇಳುವ ಪ್ರಶ್ನೆಯನ್ನೇ ನಿಮಗೂ ಕೇಳುತ್ತೇನೆ. ನಿಮ್ಮ ಭಾವನಿಗೆ ಎಷ್ಟು ದುಡ್ಡು ಬೇಕಾಗಿದೆ, ಯಾವ ತಾರೀಖಿಗೆ ಬೇಕಾಗಿದೆ?

ನಿಮ್ಮ ಪ್ರಶ್ನೆಯಲ್ಲಿ ಬ್ಯಾಂಕಿನ ಬಡ್ಡಿ ಇದೆ, ಕಾರ್ಡಿನ ಲಿಮಿಟ್ ಇದೆ, ಭಾವ ಆಡಿದ ಮಾತೂ ಇದೆ. ನಾನು ಕೇಳಿದ್ದಕ್ಕೆ ಉತ್ತರ ಮಾತ್ರ ಇಲ್ಲ. ಅದು ಗೊತ್ತಾಗುವವರೆಗೆ ಆ ಆ್ಯಪ್ ತೆರೆಯಬೇಡಿ.

ನನಗೊಂದು ಅನುಮಾನ. ಅವರಿಗೆ ಅಡಿಕೆ ತೋಟ ಇದೆ ಅಂದಿದ್ದೀರಿ. ಮುನಿಸು ಬರುವುದು ಎರಡು ವರ್ಷವೂ ಮಾರ್ಚ್ ಹೊತ್ತಿಗೆ. ನಮ್ಮಲ್ಲಿ ರೈತರು ಊರಿನ ಸೊಸೈಟಿಯಲ್ಲಿ ಬೆಳೆ ಸಾಲ ತೆಗೆಯುತ್ತಾರಲ್ಲ, ಕರ್ನಾಟಕದಲ್ಲಿ ಅದು ಶೂನ್ಯ ಬಡ್ಡಿಯದ್ದು. 2023-24ರ ಬಜೆಟ್‌ನಲ್ಲಿ ಈ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಶೂನ್ಯ ಬಡ್ಡಿ ಸಿಗುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಒಂದು ದಿನ ತಡವಾದರೂ ಖಾತೆ ಸುಸ್ತಿಗೆ, ಅಂದರೆ ಗಡುವು ಮೀರಿದ ಬಾಕಿಗೆ, ಬೀಳುತ್ತದೆ, ಬಡ್ಡಿ ಶುರುವಾಗುತ್ತದೆ. ಹಾಗಾಗಿ ಊರಲ್ಲಿ ಎಲ್ಲರೂ ಗಡುವಿನ ಹೊತ್ತಿಗೆ ಎಲ್ಲಿಂದಾದರೂ ದುಡ್ಡು ಹೊಂದಿಸುತ್ತಾರೆ. ಸೊಸೈಟಿಗೆ ಕಟ್ಟುತ್ತಾರೆ, ಕೆಲವು ದಿನ ಬಿಟ್ಟು ಹೊಸದಾಗಿ ಅಷ್ಟನ್ನೇ ಎತ್ತುತ್ತಾರೆ.

ಭಾವ ನಿಮಗೆ ಕೊಟ್ಟಿದ್ದು ಇಂಥ ಬೆಳೆ ಸಾಲದ ದುಡ್ಡೇ ಆಗಿದ್ದು, ಅದರ ಗಡುವು ಮಾರ್ಚ್‌ಗೇ ಬೀಳುತ್ತಿದ್ದರೆ? ಪಾಪ, ಪ್ರತಿ ವರ್ಷ ಮಾರ್ಚ್‌ನಲ್ಲಿ ಅವರು ಯಾರದೋ ಹತ್ತಿರ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿ ಕಟ್ಟುತ್ತಿರಬಹುದು. ನೀವು ಯುಗಾದಿಗೆ ಹೊಸ ಬಟ್ಟೆ ಹಾಕಿಕೊಂಡು ಹೋಗಿ ಇಳಿಯುತ್ತೀರಿ. ಮಾತು ಬರದೆ ಇರುತ್ತಾ?

ಹಾಗಿದ್ದರೆ ಅವರಿಗೆ ಬೇಕಾಗಿರುವುದು ಮಾರ್ಚ್‌ನ ಒಂದಷ್ಟು ದಿನಕ್ಕೆ ಆಸರೆ. ಅದಕ್ಕೆ ಎರಡು ವರ್ಷದ ಲೋನ್ ಯಾಕೆ? ನಿಮ್ಮ ಹೆಸರಿನಲ್ಲೋ ನಿಮ್ಮ ಅಪ್ಪನ ಹೆಸರಿನಲ್ಲೋ ಒಂದು ಎಫ್‌ಡಿ ಇದ್ದರೆ ಅದರ ಮೇಲೆ ಓವರ್‌ಡ್ರಾಫ್ಟ್, ಅಂದರೆ ಎಫ್‌ಡಿ ಮುರಿಯದೆ ಬೇಕಾದಾಗ ಬೇಕಾದಷ್ಟು ತೆಗೆಯುವ ಸಾಲ, ಸಿಗುತ್ತದೆ. ಬಡ್ಡಿ ಎಫ್‌ಡಿಯ ದರಕ್ಕಿಂತ ಸಾಮಾನ್ಯವಾಗಿ ಒಂದೆರಡು ಪರ್ಸೆಂಟ್ ಜಾಸ್ತಿ, ಅದೂ ಬಳಸಿದಷ್ಟು ದಿನಕ್ಕೆ ಮಾತ್ರ. ಹದಿನೈದು ದಿನಕ್ಕೆ ಒಂದು ಲಕ್ಷ ತೆಗೆದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ.

ನನ್ನ ಅನುಮಾನ ತಪ್ಪಿರಬಹುದು. ಮಗಳ ಕಾಲೇಜು ಫೀಸ್ ಇರಬಹುದು, ಬೋರ್‌ವೆಲ್ ಇರಬಹುದು, ಸೈಟ್ ರಿಜಿಸ್ಟ್ರೇಷನ್ ಇರಬಹುದು. ಏನೂ ಇಲ್ಲದೆ, 'ಇವನು ಒಂದು ಮಾತೂ ಆಡುವುದಿಲ್ಲವಲ್ಲ' ಅನ್ನುವ ಸಿಟ್ಟೂ ಇರಬಹುದು. ಅದಕ್ಕೇ ಕೇಳಿ ಅಂದಿದ್ದು. ಅಕ್ಕನ ಮೂಲಕ ಕೇಳಿಸಬೇಡಿ. ಆಕೆ ಎರಡು ಕಡೆಯ ಮಾತನ್ನೂ ಸ್ವಲ್ಪ ಮೆತ್ತಗೆ ಮಾಡಿಯೇ ದಾಟಿಸುತ್ತಾಳೆ, ಲೆಕ್ಕ ಅಲ್ಲೇ ಕಳೆದುಹೋಗುತ್ತದೆ. ನೀವೇ ಫೋನ್ ಮಾಡಿ. "ಭಾವ, ನಿಮ್ಮ ದುಡ್ಡು ಕೊಡಬೇಕು ಅಂತಿದ್ದೀನಿ. ನಿಮಗೆ ಯಾವಾಗ, ಎಷ್ಟು ಬೇಕಾಗುತ್ತೆ ಹೇಳಿ, ಅದಕ್ಕೆ ತಕ್ಕ ಹಾಗೆ ಹೊಂದಿಸ್ತೀನಿ." ಇಷ್ಟು ಸಾಕು. ಯುಗಾದಿಯ ಮಾತು ಎತ್ತಬೇಡಿ. ಅವರು "ಅಯ್ಯೋ ಇರಲಿ ಬಿಡಪ್ಪ, ನಿನಗೆ ಅನುಕೂಲ ಆದಾಗ ಕೊಡು" ಅಂದೇ ಅನ್ನುತ್ತಾರೆ. ಅಲ್ಲಿಗೆ ಫೋನ್ ಇಡಬೇಡಿ. "ಹಾಗಲ್ಲ ಭಾವ, ಮುಂದಿನ ಮಾರ್ಚ್ ಒಳಗೆ ಎಷ್ಟು ಬಂದರೆ ನಿಮಗೆ ಹಗುರ ಆಗುತ್ತೆ?" ಅಂತ ಇನ್ನೊಮ್ಮೆ ಕೇಳಿ. ನಿಜವಾದ ಸಂಖ್ಯೆ ಬರುವುದು ಆಗ. ನಮ್ಮ ಸಂಘಕ್ಕೆ ಅಣ್ಣನಿಗೆ ಕೊಡಲು ಮೂರು ಲಕ್ಷ ಬೇಕು ಅಂತ ಬಂದವರೊಬ್ಬರು ಹೀಗೆ ಕೇಳಿಕೊಂಡು ಬಂದ ಮೇಲೆ ಎಂಬತ್ತು ಸಾವಿರಕ್ಕೆ ಅರ್ಜಿ ಹಾಕಿದರು.

ಇನ್ನು ಲೆಕ್ಕ. ಎರಡೂವರೆ ಲಕ್ಷವನ್ನು 14 ಪರ್ಸೆಂಟ್‌ಗೆ ಎರಡು ವರ್ಷಕ್ಕೆ ತಗೊಂಡರೆ ತಿಂಗಳ ಕಂತು ಸುಮಾರು 12,000. ಒಟ್ಟು ಬಡ್ಡಿ ಸುಮಾರು 38,000. ಮೂರು ವರ್ಷ ಮಾಡಿಕೊಂಡರೆ ಕಂತು 8,500ರ ಆಸುಪಾಸಿಗೆ ಇಳಿಯುತ್ತದೆ, ಬಡ್ಡಿ 57,000 ದಾಟುತ್ತದೆ. ಪ್ರೊಸೆಸಿಂಗ್ ಫೀ 2 ಪರ್ಸೆಂಟ್ ಅಂತ ಇಟ್ಟುಕೊಂಡರೆ ಅದು 5,000, ಅದರ ಮೇಲೆ ಜಿಎಸ್‌ಟಿ 900. ಇದನ್ನು ಮೊದಲೇ ಹಿಡಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುತ್ತಾರೆ. ಅಂದರೆ ನಿಮ್ಮ ಕೈಗೆ ಬರುವುದು 2,44,100. ಭಾವನಿಗೆ ಕೊಡುವಾಗ 5,900 ಕಮ್ಮಿ ಬಿದ್ದು ಮತ್ತೆ ಯಾರನ್ನೋ ಕೇಳುವ ಹಾಗಾಗುತ್ತದೆ.

ಅದೇ 12,000ವನ್ನು ಬ್ಯಾಂಕಿನ ಬದಲು ತಿಂಗಳು ತಿಂಗಳು ಭಾವನ ಖಾತೆಗೇ ಹಾಕಿದರೆ? 21 ತಿಂಗಳಿಗೆ ಸಾಲ ತೀರುತ್ತದೆ. ಫೀ ಸೇರಿ ಸುಮಾರು 44,000 ಉಳಿಯುತ್ತದೆ. ಭಾವನಿಗೆ ಆತುರ ಇಲ್ಲದಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಾಣುವುದಿಲ್ಲ. ಮೊದಲ ಎರಡು ಕಂತು ತಪ್ಪದೆ ಬಿದ್ದರೆ ಮಾತಿನ ಧಾಟಿಯೂ ಬದಲಾಗುತ್ತದೆ. ಹಬ್ಬಕ್ಕೆ ಅಕ್ಕನಿಗೆ ಒಂದು ಒಳ್ಳೆಯ ಸೀರೆ ಕೊಟ್ಟರೂ ನಿಮಗೆ ಉಳಿತಾಯವೇ.

ಲೋನ್ ಸರಿಹೋಗುವ ಸಂದರ್ಭವೂ ಇದೆ. ಭಾವನಿಗೆ ಇಡೀ ಮೊತ್ತ ಒಂದೇ ದಿನಕ್ಕೆ ಬೇಕು, ಆ ದಿನ ಮುಂದೆ ಹೋಗುವುದಿಲ್ಲ ಅಂದರೆ ತಗೊಳ್ಳಿ. ಇನ್ನೊಂದು, ಅವರು ನಿಮಗಾಗಿ ಹೊರಗೆ ಬಡ್ಡಿ ಕಟ್ಟುತ್ತಿದ್ದರೆ. ಊರಲ್ಲಿ 'ಎರಡು ಪರ್ಸೆಂಟ್' ಅಂದರೆ ತಿಂಗಳಿಗೆ, ವರ್ಷಕ್ಕೆ 24 ಆಯಿತು. ಬ್ಯಾಂಕಿನ 14 ವರ್ಷಕ್ಕೆ. ಹಾಗಿದ್ದಾಗ ನೀವು ಲೋನ್ ತೆಗೆದು ಅವರ ಆ ಸಾಲವನ್ನು ಮುಗಿಸಿದರೆ ಎರಡೂ ಮನೆ ಸೇರಿ ದುಡ್ಡು ಉಳಿಯುತ್ತದೆ.

ತಗೊಳ್ಳುವುದೇ ಆದರೆ 'ಫ್ಲಾಟ್' ಬಡ್ಡಿ ಅನ್ನುವವರ ಹತ್ತಿರ ಹುಷಾರು. 10 ಪರ್ಸೆಂಟ್ ಫ್ಲಾಟ್ ಅಂದಾಗ ಕಿವಿಗೆ ಹಿತವಾಗಿರುತ್ತದೆ. ಎರಡೂವರೆ ಲಕ್ಷಕ್ಕೆ ಎರಡು ವರ್ಷದ ಬಡ್ಡಿ 50,000, ಕಂತು 12,500. ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ ಮೊತ್ತದ ಮೇಲೇ. ನಿಜವಾದ ದರ ವರ್ಷಕ್ಕೆ 18 ಪರ್ಸೆಂಟ್ ದಾಟುತ್ತದೆ. 14 ಅಂದವನೇ ಅಗ್ಗ! 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ ಸಹಿ ಹಾಕಿಸುವ ಮೊದಲು ಬ್ಯಾಂಕು, ಫೈನಾನ್ಸ್ ಕಂಪನಿಗಳು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅನ್ನುವ, ಸಾಲದ ಮುಖ್ಯ ವಿವರಗಳ ಪತ್ರ ಕೊಡಲೇಬೇಕು. ಅದರಲ್ಲಿ 'ಎಪಿಆರ್' ಅಂತ ಒಂದು ಸಾಲು ಇರುತ್ತದೆ. ಫೀ ಎಲ್ಲ ಸೇರಿಸಿ ವರ್ಷಕ್ಕೆ ಎಷ್ಟು ಬೀಳುತ್ತದೆ ಅನ್ನುವುದು ಅಲ್ಲಿರುತ್ತದೆ. ಹೋಲಿಸುವಾಗ ಅದನ್ನೇ ನೋಡಿ. ಬೇಗ ಮುಗಿಸಿದರೆ ದಂಡ ಇದೆಯಾ ಅಂತಲೂ ನೋಡಿ. 2026ರ ಜನವರಿ 1ರಿಂದ ಮಂಜೂರಾದ, ಬದಲಾಗುವ ಬಡ್ಡಿಯ ಸಾಲಕ್ಕೆ ಆ ದಂಡ ಹಾಕುವ ಹಾಗಿಲ್ಲ. ಆದರೆ ಪರ್ಸನಲ್ ಲೋನ್ ಬಹುತೇಕ ಸ್ಥಿರ ಬಡ್ಡಿಯದ್ದು, ಅದಕ್ಕೆ ಈ ರಕ್ಷಣೆ ಇಲ್ಲ.

ಕ್ರೆಡಿಟ್ ಕಾರ್ಡ್ ಬೇಡ. ಎಟಿಎಂನಲ್ಲಿ ಕಾರ್ಡ್‌ನಿಂದ ನಗದು ತೆಗೆದರೆ ಬಡ್ಡಿ ಅದೇ ದಿನ ಶುರು, ಸಾಮಾನು ಕೊಂಡಾಗ ಸಿಗುವ 45-50 ದಿನದ ವಿನಾಯಿತಿ ಇಲ್ಲ. ತಿಂಗಳಿಗೆ 3.5 ಪರ್ಸೆಂಟ್ ಅಂದುಕೊಂಡರೆ 50,000ಕ್ಕೆ ಬಡ್ಡಿ 1,750, ಜಿಎಸ್‌ಟಿ 315. ಅಸಲು ಒಂದು ರೂಪಾಯಿಯೂ ಇಳಿಯದೆ ತಿಂಗಳಿಗೆ 2,065 ಹೋಯಿತು. ತೆಗೆಯುವಾಗಿನ ಫೀ ಬೇರೆ. ಬಾಡಿಗೆ ಅಂತ ತೋರಿಸಿ ನೆಂಟರ ಖಾತೆಗೆ ಕಾರ್ಡ್‌ನಿಂದ ದುಡ್ಡು ಕಳಿಸುವ ಉಪಾಯವನ್ನು ಯಾರೋ ಹೇಳಿಕೊಟ್ಟಿದ್ದಾರೆ ಅಂದಿರಲ್ಲ, 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಬಿಗಿ ಮಾಡಿದ ಮೇಲೆ ದೊಡ್ಡ ಆ್ಯಪ್‌ಗಳು ಆ ಸೌಲಭ್ಯ ನಿಲ್ಲಿಸಿದವು.

ಒಡವೆ ಸಾಲ ಪರ್ಸನಲ್ ಲೋನ್‌ಗಿಂತ ಅಗ್ಗಕ್ಕೆ ಸಿಗುತ್ತದೆ, ಅದು ನಿಜ. ಆದರೆ ಇಡುವುದು ಯಾರ ಒಡವೆ? ನಿಮ್ಮ ಹೆಂಡತಿಯದು. ಭಾವನಿಗೆ ಕೊಡಬೇಕಿದ್ದದ್ದನ್ನು ಈಗ ಹೆಂಡತಿಗೆ ಕೊಡಬೇಕು, ಅಷ್ಟೇ ಬದಲಾವಣೆ. ಆಕೆ ಮನಸಾರೆ ಒಪ್ಪಿದರೆ, ಬಿಡಿಸುವ ತಿಂಗಳು ಮೊದಲೇ ಗೊತ್ತಿದ್ದರೆ ಮಾಡಿ. ಸಂಬಂಧಿಕರ ಮದುವೆ ಬರುವ ಹೊತ್ತಿಗೆ ಸರ ಬ್ಯಾಂಕಿನ ಲಾಕರ್‌ನಲ್ಲಿದ್ದರೆ ಮನೆಯಲ್ಲಿ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಭಾವನಿಗೆ ಹೇಗೆ ಕೊಟ್ಟರೂ ನಗದು ಕೊಡಬೇಡಿ. 20,000 ಅಥವಾ ಅದಕ್ಕಿಂತ ಜಾಸ್ತಿ ಇರುವ ಸಾಲವನ್ನು ನಗದಿನಲ್ಲಿ ವಾಪಸ್ ಮಾಡುವ ಹಾಗಿಲ್ಲ ಅಂತ ಆದಾಯ ತೆರಿಗೆ ನಿಯಮ ಇದೆ. 1961ರ ಕಾಯ್ದೆಯಲ್ಲಿ ಅದು 269ಟಿ ಕಲಂ. ದಂಡ, ಕೊಟ್ಟ ಮೊತ್ತದಷ್ಟೇ. ನೆಂಟರು ಅಂತ ವಿನಾಯಿತಿ ಇಲ್ಲ. ಹದಿನೈದು ಹದಿನೈದು ಸಾವಿರ ಮಾಡಿ ಕೊಟ್ಟರೂ ತಪ್ಪುವುದಿಲ್ಲ, ಬಾಕಿ ಇರುವ ಒಟ್ಟು ಸಾಲವನ್ನು ನೋಡುತ್ತಾರೆ. ಯುಪಿಐ ಅಥವಾ ನೆಫ್ಟ್ ಮಾಡಿ, ಷರಾದಲ್ಲಿ 'ಸಾಲ ವಾಪಸ್' ಅಂತ ಬರೆಯಿರಿ. ಮುಂದೆ ಎಷ್ಟು ಕೊಟ್ಟಿದ್ದೀನಿ, ಎಷ್ಟು ಉಳಿದಿದೆ ಅನ್ನುವ ಮಾತು ಬಂದಾಗ ಇಬ್ಬರಿಗೂ ಅನುಕೂಲ.

ಬರುವ ವರ್ಷ ಮನೆ ಸಾಲಕ್ಕೆ ಹೋಗುವ ಯೋಚನೆ ಇದೆ ಅಂತಲೂ ಕೊನೆಯಲ್ಲಿ ಬರೆದಿದ್ದೀರಿ. ಭಾವನ ಸಾಲ ಸಿಬಿಲ್‌ನಲ್ಲಿ, ಅಂದರೆ ಬ್ಯಾಂಕಿನವರು ನೋಡುವ ನಿಮ್ಮ ಸಾಲದ ದಾಖಲೆಯಲ್ಲಿ, ಕಾಣುವುದಿಲ್ಲ. ಪರ್ಸನಲ್ ಲೋನ್ ಕಾಣುತ್ತದೆ. 45,000 ಸಂಬಳದಲ್ಲಿ 12,000 ಕಂತು ಈಗಾಗಲೇ ಹೋಗುತ್ತಿದ್ದರೆ ಬ್ಯಾಂಕಿನವರು ಮನೆ ಸಾಲವನ್ನು ಅದಕ್ಕೆ ತಕ್ಕಂತೆ ಕತ್ತರಿಸುತ್ತಾರೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ, ಭಾವ ತಿಂಗಳ ಕಂತಿಗೆ ಹೂಂ ಅಂದರೆ ನಿಮಗೆ ಎರಡು ಕಡೆ ಲಾಭ. ಇವತ್ತು ಸಂಜೆ ಫೋನ್ ಮಾಡಿ. ಅವರು ಹೇಳಿದ ಮೊತ್ತ, ತಾರೀಖು ಇಲ್ಲಿ ಬರೆದರೆ ಯಾವುದು ಕಮ್ಮಿಗೆ ಬೀಳುತ್ತದೆ ಅಂತ ಕೂಡಿ ಕಳೆದು ಹೇಳುತ್ತೇನೆ.