ಮ್ಯಾಡ್ರಿಡ್‌ನವರು ಏನು ತಿಂದರು?

ಶಿವಮೊಗ್ಗದ ಮೇಡಂ, ನಿಮ್ಮ ಪತ್ರ ಖಾರವಾಗಿಯೇ ಇದೆ. ಸ್ಪೇನ್ ಅಂತರ್ಯುದ್ಧದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಾಗ ಘೋಷಣೆ, ಬಂದೂಕು ಎಲ್ಲ ಬಂತು, "28 ತಿಂಗಳು ಮುತ್ತಿಗೆಯಲ್ಲಿದ್ದ ಊರಿನ ಒಲೆ ಮೇಲೆ ಏನಿತ್ತು ಅಂತ ಒಂದು ಸಾಲೂ ಇಲ್ಲ" ಅಂತ ಬೈದಿದ್ದೀರಿ. ಶೆಲ್ ಬೀಳುವಾಗ ಜನ ಸಿನಿಮಾಕ್ಕೆ ಹೋಗುತ್ತಿದ್ದರು ಅನ್ನೋದನ್ನೂ ನಂಬಿಲ್ಲ. ಮೊದಲನೆಯದು ನಮ್ಮ ತಪ್ಪು, ಒಪ್ಪಿದೆ. ಸಿನಿಮಾ ವಿಷಯ ಮಾತ್ರ ನಿಜ.

1936ರ ನವೆಂಬರ್‌ನಲ್ಲಿ ಗಣರಾಜ್ಯ ಸರ್ಕಾರದ ವಿರುದ್ಧ ದಂಗೆ ಎದ್ದಿದ್ದ ಜನರಲ್ ಫ್ರಾಂಕೋನ ಸೈನ್ಯ ಮ್ಯಾಡ್ರಿಡ್ ಬಾಗಿಲಿಗೇ ಬಂತು. ಸರ್ಕಾರ ಪೂರ್ವ ಕರಾವಳಿಯ ವಲೆನ್ಸಿಯಾಗೆ ಹೊರಟಿತು, ಜನ ಉಳಿದರು. ಯೂನಿವರ್ಸಿಟಿ ಕ್ಯಾಂಪಸ್ಸೇ ರಣರಂಗ. ಲೈಬ್ರರಿಯ ದಪ್ಪ ಪುಸ್ತಕಗಳನ್ನು ಕಿಟಕಿಗೆ ಅಡ್ಡ ಪೇರಿಸಿ ಗುಂಡು ತಡೆದರು. ಊರ ನಡುವಿನಿಂದ ಟ್ರಾಮ್ ಹತ್ತಿ ಯುದ್ಧಕ್ಕೆ ಹೋಗಬಹುದಿತ್ತು! ಇಷ್ಟು ಹತ್ತಿರ, ಇಷ್ಟು ದಿನ ನಡೆದರೆ ಯಾರು ತಾನೇ ಅಡಗಿ ಕೂರುತ್ತಾರೆ? ಗ್ರಾನ್ ವಿಯಾ ರಸ್ತೆಗೆ 'ಶೆಲ್ಲುಗಳ ಬೀದಿ' ಅಂತಲೇ ಹೆಸರು ಬಿದ್ದಿತ್ತು. ದೊಡ್ಡ ಸಿನಿಮಾ ಮಂದಿರಗಳೂ ಅಲ್ಲೇ ಇದ್ದವು, ತೆರೆದೂ ಇದ್ದವು.

ಇನ್ನು ಊಟ. ಮ್ಯಾಡ್ರಿಡ್ ಉತ್ತರಕ್ಕಿರುವ ಹಳೆ ಕ್ಯಾಸ್ಟೀಲ್ ಪ್ರಾಂತ್ಯದ ಗೋಧಿ ಹೊಲಗಳು ಫ್ರಾಂಕೋ ಕೈಯಲ್ಲಿ, ಊರೊಳಗೆ ಸುತ್ತಲ ಹಳ್ಳಿಗಳಿಂದ ಓಡಿಬಂದವರು, ಸಾಮಾನು ಬರಬೇಕಾದದ್ದು ವಲೆನ್ಸಿಯಾ ಕಡೆಯಿಂದ, ಅದೂ ಲಾರಿ ಸಿಕ್ಕಿದರೆ. ಹಾಗಾಗಿ ಸಿಕ್ಕಿದ್ದು ಮಸೂರ, ನಮ್ಮ ಚನ್ನಂಗಿ. ಬೆಳಿಗ್ಗೆ ಕ್ಯೂ ನಿಂತು ತಂದರೆ ಮಧ್ಯಾಹ್ನವೂ ಅದೇ, ರಾತ್ರಿಯೂ ಅದೇ. 1937ರಲ್ಲಿ ಗಣರಾಜ್ಯದ ಪ್ರಧಾನಿಯಾದ ಹುವಾನ್ ನೆಗ್ರಿನ್ ಓದಿದ್ದು ವೈದ್ಯಶಾಸ್ತ್ರ, ಅದಕ್ಕೇ ಜನ ಮಸೂರಕ್ಕೆ 'ಡಾಕ್ಟರ್ ನೆಗ್ರಿನ್ ಮಾತ್ರೆ' ಅಂದರು. (ನಮ್ಮಲ್ಲಾಗಿದ್ದರೂ ಇಂಥದ್ದೇ ಜೋಕ್ ಹುಟ್ಟುತ್ತಿತ್ತು, ಅಲ್ವಾ?) ಕಲ್ಲಿದ್ದಲು ಇಲ್ಲದೆ ಮರ, ಮನೆಯ ಕುರ್ಚಿ ಮೇಜು ಒಲೆಗೆ ಹೋದವು. ವಿಟಮಿನ್ ಕೊರತೆಯಿಂದ ಪಾದ ಉರಿ, ಚರ್ಮ ಒಡೆಯುವ ಪೆಲಾಗ್ರಾ ರೋಗ ಹಬ್ಬಿತು. ಅದನ್ನು ಅಲ್ಲೇ ಕೂತು ಅಧ್ಯಯನ ಮಾಡಿದ ಡಾಕ್ಟರು ಗ್ರಾಂದೆ ಕೋವಿಯಾನ್ ಮುಂದೆ ಪೋಷಣೆಯ ವಿಷಯದಲ್ಲಿ ಸ್ಪೇನಿನ ದೊಡ್ಡ ಹೆಸರಾದರು.

ಹಸಿವು ಎಷ್ಟಿತ್ತು ಅನ್ನೋದು ಫ್ರಾಂಕೋಗೂ ಚೆನ್ನಾಗಿ ಗೊತ್ತಿತ್ತು. 1938ರ ಅಕ್ಟೋಬರ್‌ನಲ್ಲಿ ಅವನ ವಿಮಾನಗಳು ಬಾಂಬ್ ಬದಲು ಬಿಳಿ ಬ್ರೆಡ್ ಉದುರಿಸಿದವು. ನನ್ನ ಮಟ್ಟಿಗೆ ಇಡೀ ಮುತ್ತಿಗೆಯಲ್ಲಿ ಅದಕ್ಕಿಂತ ಕ್ರೂರವಾದ ಪ್ರಚಾರ ಇನ್ನೊಂದಿಲ್ಲ.

1939ರ ಮಾರ್ಚ್‌ನಲ್ಲಿ ಯುದ್ಧ ಮುಂದುವರಿಸಬೇಕೋ ನಿಲ್ಲಿಸಬೇಕೋ ಅಂತ ಗಣರಾಜ್ಯದ ಕಡೆಯವರೇ ಬೀದಿಯಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದರು. 28ರಂದು ಫ್ರಾಂಕೋ ಸೈನ್ಯ ಒಳಗೆ ಬಂತು. ಕ್ಯೂ ಮಾತ್ರ ಕರಗಲಿಲ್ಲ, ಮೇಡಂ. ಸ್ಪೇನಿನಲ್ಲಿ ರೇಷನ್ ಚೀಟಿ 1952ರ ತನಕ ಇತ್ತು.

— ಸಂ.